ತೂತು ಕೊರೆದ ಕುರ್ಚಿ

ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ನಾನು ತಣಿಸಂದ್ರದ ಈ ಮೂರನೇ ಮಹಡಿಯಿಂದ ಇಳಿದದ್ದು ಆಸ್ಪತ್ರೆಗೆ ಮಾತ್ರ. ಲಿಫ್ಟ್ ಇಲ್ಲದ ಕಟ್ಟಡ. ಮನೆಯವರು ಚೆನ್ನಾಗಿಯೇ ನೋಡಿಕೊಂಡರು. ಮಾತ್ರೆ, ಪೇಪರು, ಕ್ಷೌರದವನು, ಎಲ್ಲವೂ ಮೇಲಕ್ಕೇ ಬಂದವು. ಕೆಳಗೆ ಹೋಗಲು ಒಂದೇ ಒಂದು ಕಾರಣವನ್ನೂ ಅವರು ಉಳಿಸಲಿಲ್ಲ. "ನಿಮಗ್ಯಾಕಪ್ಪಾ ತೊಂದರೆ, ಎಲ್ಲಾ ಇಲ್ಲೇ ಆಗುತ್ತಲ್ಲ," ಎನ್ನುತ್ತಾನೆ ಮಗ.

ಆಮೇಲೆ ಕಸವೂ ಬರತೊಡಗಿತು. ಪೀಣ್ಯದಲ್ಲಿ ಫಿಟ್ಟರ್ ಆಗಿದ್ದವನ ಕೈ ಸುಮ್ಮನಿರುತ್ತದೆಯೇ? ಎಣ್ಣೆ ಕ್ಯಾನ್ ಕತ್ತರಿಸಿ ಕಸ ತುಂಬುವ ಮೊರ ಮಾಡಿದೆ. ಹಳೇ ಜೀನ್ಸ್ ಪ್ಯಾಂಟು ಸುತ್ತಿ ಹೊಲಿದು, ಇಟ್ಟಿಗೆ ಹೊರುವವರ ತಲೆಗೆ ಸಿಂಬೆ ಮಾಡಿದೆ. ಪಕ್ಕದ ಖಾಲಿ ಸೈಟಿನ ತಗಡಿನ ಶೆಡ್‌ಗಳಲ್ಲಿದ್ದ ಯಾದಗಿರಿ ಕಡೆಯವರು ಖುಷಿಯಿಂದ ಒಯ್ದರು. ಸುದ್ದಿ ಹಬ್ಬಿದ್ದೇ ತಡ, ಕಟ್ಟಡದವರೆಲ್ಲ ಮುರುಕಲು ಸಾಮಾನು ತಂದು ನಮ್ಮ ಬಾಗಿಲಲ್ಲಿ ಪೇರಿಸಿದರು. "ಅಂಕಲ್ ಹೆಂಗಿದ್ರೂ ಮನೇಲೇ ಇರ್ತಾರಲ್ಲ ಆಂಟಿ," ಎಂದು ಎದುರು ಮನೆಯಾಕೆ ನನ್ನ ಹೆಂಡತಿಗೆ ಹೇಳಿದ್ದು ಕೇಳಿ ಮೈ ಉರಿಯಿತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ನನ್ನ ದಿನವೆಲ್ಲ ಬಾಲ್ಕನಿಯಲ್ಲಿ. ಅಲ್ಲಿಂದ ಶೆಡ್‌ಗಳು ಕಾಣುತ್ತವೆ. ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಸಂಸಾರ ಅದರಲ್ಲೊಂದರಲ್ಲಿ. ಅವಳ ಅತ್ತೆಗೆ ಕಾಲು ಸ್ವಾಧೀನವಿಲ್ಲ. ಬೆಳಿಗ್ಗೆ, ಸಂಜೆ ಅವಳೂ ಗಂಡನೂ ಕೈಗೆ ಕೈ ಹೆಣೆದು, ಮುದುಕಿಯನ್ನು ಕೂರಿಸಿಕೊಂಡು ಸೈಟಿನ ಮೂಲೆಯ ಪಾಯಿಖಾನೆಗೆ ಒಯ್ಯುತ್ತಿದ್ದರು. ವಾಪಸು ಬರುವಾಗ ಸಿಮೆಂಟ್ ಇಟ್ಟಿಗೆಗಳ ಮೇಲೆ ಇಳಿಸುತ್ತಿದ್ದರು. ಮುದುಕಿ ಅಲ್ಲಿ ಬಿಸಿಲು ಕಾಯಿಸುತ್ತ, ನೀರು ಹಿಡಿಯಲು ಬಂದ ಹೆಂಗಸರ ಜೊತೆ ಹರಟುತ್ತ, ಯಾರನ್ನೋ ಬೈಯುತ್ತ ಕೂರುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದದ್ದು ಆ ಹೊತ್ತೊಯ್ಯುವುದೊಂದೇ. ಎಂಥ ಅವಮಾನ ಪಾಪ, ಅನಿಸಿತು.

ಬಾಗಿಲಲ್ಲಿ ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿಯೊಂದು ಬಿದ್ದಿತ್ತು. ಸೀಳಿದ ಕಾಲಿಗೆ ಪೈಪಿನ ತುಂಡು ಕಟ್ಟಿದೆ. ಕೂರುವ ಜಾಗದ ನಡುವೆ ಹ್ಯಾಕ್ಸಾ ಬ್ಲೇಡಿನಿಂದ ತೂತು ಕೊರೆದು, ಅಂಚು ಚುಚ್ಚದಂತೆ ನೀರಿನ ಪೈಪನ್ನು ಸೀಳಿ ಕೂರಿಸಿದೆ. ಕೆಳಗೆ ಪೇಂಟಿನ ಬಕೆಟ್ಟು. ಜಾರದಿರಲೆಂದು ಕಾಲುಗಳಿಗೆ ಸೈಕಲ್ ಟ್ಯೂಬು. ವರ್ಷಗಳ ನಂತರ ಅಂಥ ಸಂತೋಷ ನನಗೆ. "ಭಾಳ ಉಪಕಾರ ಆತ್ರಿ," ಎಂದು ಆಕೆ ಅದನ್ನು ತಲೆ ಮೇಲೆ ಹೊತ್ತು ಇಳಿದಳು.

ಆಮೇಲೆ ಮುದುಕಿ ಹೊರಗೆ ಕಾಣಲಿಲ್ಲ. ಇಟ್ಟಿಗೆಗಳ ಮೇಲೆ ಯಾರೋ ಬಟ್ಟೆ ಒಣಹಾಕತೊಡಗಿದರು. ಹುಷಾರಿಲ್ಲವೇನೋ ಎಂದು ಕೆಲಸಕ್ಕೆ ಬಂದ ಅವಳ ಸೊಸೆಯನ್ನು ಕೇಳಿದೆ.

"ಆರಾಮ್ ಅದಾಳ್ರಿ. ಹೊರಗ ಯಾಕ ಬರಬೇಕು? ಎಲ್ಲಾ ಒಳಗ ಆಗ್ತದಲ್ರಿ."

ಕೈಯಲ್ಲಿದ್ದ ಪೇಪರು ಮಡಚಿಟ್ಟೆ.

"ಬಿಸಿಲಿಗಾದ್ರೂ ಕರ್ಕೊಂಡ್ ಬನ್ರಮ್ಮ."

"ಎತ್ತಾಕ ಇಬ್ಬರು ಬೇಕ್ರಿ. ಕುರ್ಚಿ ಬಂದಮ್ಯಾಗ ನಮ್ಮವರು ಲಗೂನ ಕೆಲಸಕ್ಕ ಹೋಗ್ತಾರ. ನಾನೂ ಇನ್ನೊಂದು ಮನಿ ಹಿಡದೀನಿ."

ಕುರ್ಚಿ ವಾಪಸು ತಂದುಕೊಡು ಎನ್ನಲು ಬಾಯಿ ತೆರೆದೆ. ತಂದುಕೊಟ್ಟರೆ ಅವಳು ಹೊಸ ಮನೆ ಬಿಡಬೇಕು. ಬಿಡು ಎನ್ನಲು ನಾನ್ಯಾರು? ಆ ಶೆಡ್‌ಗೆ ಕಿಟಕಿಯಿಲ್ಲ. ಬೇಸಿಗೆಯಲ್ಲಿ ತಗಡು ಕಾದರೆ ಒಳಗೆ ಹೇಗಿರುತ್ತದೋ. ನನ್ನ ಕೈಗಳ ಮೇಲೇ ಸಿಟ್ಟು ಬಂತು.

ಕೆಲಸ ಮುಗಿಸಿ ಚಪ್ಪಲಿ ಮೆಟ್ಟುತ್ತ ಆಕೆ ಹೇಳಿದಳು: "ನಮ್ಮ ಅತ್ತಿ ದಿನಾ ಕೇಳ್ತಾಳ್ರಿ, ಮ್ಯಾಲಿನ ಮನಿ ಅಜ್ಜ ಇನ್ನೂ ಅಲ್ಲೇ ಕುಂತಾನೇನು ಅಂತ."

"ಅಲ್ಲೇ ಕೂತಿದ್ದಾನೆ ಅಂತ ಹೇಳಮ್ಮ," ಎಂದೆ.