ದೇವರ ಮುಂದೆ ಕಾಬಾಳೆ ಹೂ

ಗೆಳೆಯರೇ, ನಮ್ಮ ಬಚ್ಚಲ ನೀರಿನ ತೋಟ ಉಳಿಯಿತು!!! ಮದುವೆಯಾಗಿ ಗಂಡನ ಊರು ಅವರ್ಸಾಕ್ಕೆ ಬಂದ ಮೇಲೆ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಹಿತ್ತಲಲ್ಲಿ ಗುಂಡಿ ತೋಡಿ, ಜಲ್ಲಿ ತುಂಬಿ, ಬಾಳೆಯಂಥ ಎಲೆಯ, ಕೆಂಪು ಹೂ ಬಿಡುವ ಕಾಬಾಳೆ ಗಿಡ ನೆಟ್ಟೆವು. ಬಚ್ಚಲಿನ, ಅಡುಗೆಮನೆಯ ಕೊಳಕು ನೀರು ಬೇರುಗಳ ನಡುವೆ ಹಾದು ತಿಳಿಯಾಗಿ ಹೊರಬರುತ್ತದೆ.

ಇಂದು ಬೆಳಿಗ್ಗೆ ಅತ್ತೆ ಅಲ್ಲಿನ ಕೆಂಪು ಹೂ ಕೊಯ್ದು ದೇವರ ಮುಂದೆ ನಿಂತವರು ಥಟ್ಟನೆ ಹೊರಗೆ ಬಂದರು. "ಮುಸುರೆ ನೀರು ಕುಡ್ದ ಹೂವನ್ನ ದೇವ್ರಿಗೆ ಇಡೂಕೆ ಆಗ್ತದೇನೆ? ಇವತ್ತೇ ಆ ಗುಂಡಿ ಮುಚ್ಚಿ!"

ನಾನು ಕೇಳಿಯೇಬಿಟ್ಟೆ: "ಅತ್ತೆ, ಇಷ್ಟು ವರ್ಷ ಆ ಮುಸುರೆ ನೀರು ಹೋಗ್ತಿದ್ದದ್ದು ತೆಂಗಿನ ಬುಡಕ್ಕೇ ಅಲ್ವಾ? ಅದರ ಕಾಯನ್ನೇ ದೇವರಿಗೆ ಒಡೀತೀರಲ್ಲ?"

ಜಗಲಿಯಲ್ಲಿದ್ದ ಮಾವ ಚಹಾ ಚೆಲ್ಲಿಕೊಂಡು ನಕ್ಕರು. "ಸೊಸೆ ಹೇಳೂದು ಖರೆ ಅದೆ ಮಾರಾಯ್ತಿ!"

ಅತ್ತೆ ಒಳಗೆ ಹೋಗಿ ದೇವರಿಗೆ ಹೂವಿಟ್ಟರು. ಆಮೇಲೆ ಕಾರವಾರದ ತಂಗಿಗೆ ಫೋನ್ ಮಾಡಿ, "ನಮ್ಮನೇಲಿ ಬಚ್ಚಲ ನೀರಲ್ಲೇ ಹೂ ಆಗ್ತದೆ, ದೇವ್ರಿಗೂ ನಡೀತದೆ, ನೋಡೂಕೆ ಬಾ" ಎಂದರು. ಆ ತಂಗಿ ಇವರಿಗಿಂತ ಹತ್ತು ಪಟ್ಟು ಮಡಿಯವರು. ಈ ಸಲ ವಾದ ಮಾಡಬೇಕಾದವರು ಅತ್ತೆಯೇ. ತಂಗಿ ಭಾನುವಾರ ಮಧ್ಯಾಹ್ನ ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತಾರೆ.