ನಾನು ಸಹಿ ಹಾಕಿದ ಕಾಗದ

ಮೂರು ವರ್ಷದ ಹಿಂದಿನ ಮಾತು. ನಾನಾಗ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ದೀಪಾವಳಿ ರಜೆ ಮುಗಿಸಿ ಊರಿನಿಂದ ಬಂದ ದಿನ ನಡೆದದ್ದನ್ನು ಇವತ್ತಿನವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಬೆಳಗಾವಿಯಲ್ಲಿ ನಾನು ಓದಿದ ವಿಶ್ವವಿದ್ಯಾಲಯ ತೀರಾ ಚಿಕ್ಕದು. ನಮ್ಮ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಹನ್ನೊಂದು ಜನ ವಿದ್ಯಾರ್ಥಿಗಳು, ಒಂದೇ ಲ್ಯಾಬು, ಒಂದೇ ಫ್ರಿಜ್ಜು. ಗಾಜಿನ ಸಾಮಾನನ್ನು ಕ್ರಿಮಿಶುದ್ಧ ಮಾಡುವ ಆಟೊಕ್ಲೇವ್ ಯಂತ್ರ ಕೆಟ್ಟು ವರ್ಷವಾಗಿತ್ತು. ಎಲ್ಲವನ್ನೂ ದೊಡ್ಡದೊಂದು ಪ್ರೆಷರ್ ಕುಕ್ಕರಿನಲ್ಲಿ ಕುದಿಸುತ್ತಿದ್ದೆವು. ಕುಕ್ಕರ್ ಹತ್ತಿಸುವುದು, ಟೆಸ್ಟ್ ಟ್ಯೂಬ್ ತೊಳೆಯುವುದು, ಕಸ ಗುಡಿಸುವುದು ಎಲ್ಲವೂ ಶಾಂತಕ್ಕನ ಕೆಲಸ. ಐವತ್ತು ದಾಟಿದ ಹೆಂಗಸು, ಗುತ್ತಿಗೆ ಮೇಲೆ ಇದ್ದಳು. ನಾನು ಶಿವಬಸವ ನಗರದ ರೂಮಿನಿಂದ ಬೆಳಿಗ್ಗೆ ಏನೂ ತಿನ್ನದೆ ಬರುತ್ತೇನೆಂದು ಅವಳಿಗೆ ಹೇಗೋ ಗೊತ್ತಾಗಿತ್ತು. “ತಿನ್ನು ಯವ್ವಾ. ಹಸ್ಕೊಂಡು ಅದೆಂಥಾ ಸೈನ್ಸ್ ಮಾಡ್ತಿ?” ಎಂದು ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೈಗಿಡುತ್ತಿದ್ದಳು.

ನಮ್ಮೂರು ಖಾನಾಪುರ ತಾಲೂಕಿನಲ್ಲಿ, ನಂದಗಡದ ಹತ್ತಿರ. ಕುರಿ ಕಾಯುವ ಮನೆತನ. ನಮ್ಮ ಕುರಿಗಳ ಒರಟು ಉಣ್ಣೆಯನ್ನು ಈಗ ಕೇಳುವವರಿಲ್ಲ. ಕತ್ತರಿಸಿದ್ದು ದೊಡ್ಡಿಯ ಹಿಂದೆ ರಾಶಿ ಬಿದ್ದಿರುತ್ತದೆ, ಬೇಗ ಕೊಳೆಯುವುದೂ ಇಲ್ಲ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ದೊಡ್ಡಿಯ ಮಣ್ಣಿನಲ್ಲೇ ಸಿಗಬಹುದೇ ಎಂದು ಹುಡುಕುವುದು ನನ್ನ ಪ್ರಾಜೆಕ್ಟ್ ಆಗಿತ್ತು. ಏಳು ತಿಂಗಳು ಹುಡುಕಿದ ಮೇಲೆ ಒಂದು ಸಿಕ್ಕಿತು. ಫ್ಲಾಸ್ಕಿನಲ್ಲಿ ಹಾಕಿದ ಉಣ್ಣೆ ಐದು ದಿನದಲ್ಲಿ ಗಂಜಿಯಂತಾಯಿತು. ಊರಿಗೆ ಹೋದಾಗ ಅಪ್ಪನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, “ಖರೇನs? ನಮ್ಮ ದೊಡ್ಡ್ಯಾಗಿಂದ ಏನಿದು?” ಎಂದು ಮೂರು ಸಲ ಕೇಳಿದ.

ಧೈರ್ಯ ಮಾಡಿ ಪುಣೆಯ ಒಂದು ಸಂಶೋಧನಾಲಯಕ್ಕೆ ಇಮೇಲ್ ಬರೆದೆ. ಅಲ್ಲಿನ ವಿಜ್ಞಾನಿ ಮೇಡಂ ತಾವೇ ಫೋನ್ ಮಾಡಿದರು. ಖಾನಾಪುರದ ಕಡೆಯವಳು, ಮರಾಠಿ ಬರುತ್ತದೆ ಎಂದು ತಿಳಿದ ಮೇಲೆ ಮರಾಠಿಯಲ್ಲೇ ಪ್ರಶ್ನೆ ಕೇಳಿದರು. ಕೊನೆಗೆ, ಡಿಸೆಂಬರಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ಕಲ್ಚರ್ ತೆಗೆದುಕೊಂಡು ಬಾ, ಆರು ತಿಂಗಳು ನಮ್ಮಲ್ಲೇ ಕೆಲಸ ಮಾಡು, ಚೆನ್ನಾಗಿ ಮಾಡಿದರೆ ಪಿಎಚ್.ಡಿ. ವಿಚಾರ ನೋಡೋಣ ಎಂದರು. ನಮ್ಮ ವಿಭಾಗದಿಂದ ಯಾರಿಗೂ ಅಂಥ ಕರೆ ಬಂದಿರಲಿಲ್ಲ. ಕಲ್ಚರ್ ಇದ್ದ ಟ್ಯೂಬುಗಳನ್ನು ಫ್ರಿಜ್ಜಿನಲ್ಲಿಟ್ಟು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ರಜೆಗೆ ಊರಿಗೆ ಹೋದೆ. ಇನ್ನೊಂದು ಕಡೆ ಕಾಪಿ ಇಡಬೇಕೆಂದು ಗೊತ್ತಿತ್ತು. ಇಡಲು ಇನ್ನೊಂದು ಫ್ರಿಜ್ ಇರಲಿಲ್ಲ.

ತಿರುಗಿ ಬಂದಾಗ ಲ್ಯಾಬಿನಲ್ಲಿ ಹೊಸ ಬಣ್ಣದ ವಾಸನೆ. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ಸಿಂಕಿನ ಪಕ್ಕದ ಸ್ಟ್ಯಾಂಡಿನಲ್ಲಿ ನನ್ನ ಟ್ಯೂಬುಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಒಂದಕ್ಕೂ ಚೀಟಿ ಇರಲಿಲ್ಲ. ಅಷ್ಟು ಸ್ವಚ್ಛವಾಗಿ ತೊಳೆದ ಟ್ಯೂಬುಗಳನ್ನು ಆ ಲ್ಯಾಬಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ನನ್ನ ಮುಖ ನೋಡಿಯೇ ಶಾಂತಕ್ಕನಿಗೆ ಏನೋ ಆಗಬಾರದ್ದು ಆಗಿದೆ ಎಂದು ತಿಳಿಯಿತು.

“ತಪಾಸಣಿ ಮಾಡಾಕ ಕಮಿಟಿ ಬರ್ತೈತಿ, ಫ್ರಿಜ್ ಖಾಲಿ ಮಾಡಿ ಎಲ್ಲಾ ತೊಳದಿಡು ಅಂದ್ರು ಹೆಡ್ ಸರ್. ಚೀಟಿ ಹಚ್ಚಿದ್ದೂ ತೊಳೀಲೇನ್ರಿ ಅಂತ ಕೇಳಿದೆ ಯವ್ವಾ. ಫೋನಿನ್ಯಾಗ ಮಾತಾಡಾಕತ್ತಿದ್ರು. ಕೈ ಮಾಡಿ ‘ಎಲ್ಲಾ, ಎಲ್ಲಾ’ ಅಂದ್ರು. ಕುದಿಸಿ ತೊಳದೆ.” ಸ್ಟ್ಯಾಂಡಿನಿಂದ ಒಂದು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ಅದರಾಗ ಏನಿತ್ತವ್ವಾ? ಮತ್ತ ಬರೂದಿಲ್ಲೇನು?”

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅಳು ಕೂಡ ಬರಲಿಲ್ಲ.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಕೋಣೆಗೆ ಕರೆದರು. ಕುರ್ಚಿ ತೋರಿಸಿ, “ಕುಂದರವಾ” ಎಂದರು. ಮೇಜಿನ ಮೇಲೆ ಒಂದು ಕಾಗದ ಟೈಪ್ ಆಗಿ ಸಿದ್ಧವಿತ್ತು. ಲ್ಯಾಬಿನ ಸಹಾಯಕಿ ಯಾರನ್ನೂ ಕೇಳದೆ, ನಿರ್ಲಕ್ಷ್ಯದಿಂದ ನನ್ನ ಸಂಶೋಧನೆಯ ಮಾದರಿಗಳನ್ನು ನಾಶ ಮಾಡಿದ್ದಾಳೆ ಎಂದು ನನ್ನ ಹೆಸರಿನಲ್ಲಿ ಬರೆದಿತ್ತು.

“ಸರ್, ಆಕಿ ನಿಮ್ಮನ್ನ ಕೇಳಿದ್ಲಂತ…”

“ಆಕಿ ಕೇಳಿದಾಗ ನೀ ಅಲ್ಲಿ ಇದ್ದೇನು?” ದನಿ ಏರಿಸಲಿಲ್ಲ. “ನೋಡು, ಇದು ವಿಭಾಗದ ತಪ್ಪು ಅಂತಾದ್ರ ಪುಣೆದವ್ರು ನಮ್ಮ ಕಡೆಯಿಂದ ಇನ್ನ ಯಾರನ್ನೂ ತಗೊಳ್ಳೂದಿಲ್ಲ. ಇದಕ್ಕ ಸಹಿ ಮಾಡು. ಇದನ್ನ ಹಚ್ಚಿ ನಾನs ಅವ್ರಿಗೆ ಪತ್ರಾ ಬರದು ಎರಡು ತಿಂಗಳ ಟೈಮ್ ಕೇಳ್ತೀನಿ. ಅಷ್ಟ್ರಾಗ ಮತ್ತೊಮ್ಮಿ ಹುಡುಕು.”

ಶಾಂತಕ್ಕ ಸುಳ್ಳು ಹೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಿವಿಯಲ್ಲಿ ನಿಂತದ್ದು ‘ಎರಡು ತಿಂಗಳು’ ಎಂಬುದೊಂದೇ. ಸಹಿ ಮಾಡಿದೆ. ಪೆನ್ನು ಕೂಡ ಅವರದೇ.

ಮರುದಿನ ಶಾಂತಕ್ಕ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳ ಜಾಗಕ್ಕೆ ಗುತ್ತಿಗೆದಾರ ಬೇರೆಯವರನ್ನು ಕಳಿಸಿದ. ಕಮಿಟಿ ಬಂದು, ಚಹಾ ಕುಡಿದು, ಹೊಳೆಯುವ ಗಾಜಿನ ಸಾಮಾನು ನೋಡಿ ಹೋಯಿತು.

ಅಪ್ಪ ಎರಡು ಸಲ ದೊಡ್ಡಿಯ ಮಣ್ಣು ತುಂಬಿದ ಚೀಲವನ್ನು ಖಾನಾಪುರದಿಂದ ಬಸ್ಸಿಗೆ ಹಾಕಿ ಕಳಿಸಿದ. ನಾನು ಹಗಲೆಲ್ಲ ಲ್ಯಾಬಿನಲ್ಲೇ ಇದ್ದೆ. ಏನೇನೋ ಬೆಳೆದವು, ಆದರೆ ಉಣ್ಣೆ ಹಾಕಿದರೆ ಉಣ್ಣೆ ಹಾಗೆಯೇ ತೇಲುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ನಾನೇ ಪುಣೆಗೆ ಫೋನ್ ಮಾಡಿದೆ. ಮೇಡಂ ಸಿಟ್ಟಾಗಲಿಲ್ಲ. ಜಾಗ ಬೇರೆಯವರಿಗೆ ಹೋಯಿತು, ಕಲ್ಚರ್ ಸಿಕ್ಕಾಗ ತಿಳಿಸು ಎಂದರು. ಅದು ಮತ್ತೆ ಸಿಗಲೇ ಇಲ್ಲ. ಅಪ್ಪ ಕೆಲವು ದಿನ ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ.

ಎಂ.ಎಸ್ಸಿ. ಮುಗಿಯಿತು. ಎಲ್ಲೂ ಕೆಲಸ ಸಿಗದೆ ಮನೆಗಳಿಗೆ ಹೋಗಿ ವಿಜ್ಞಾನದ ಟ್ಯೂಷನ್ ಹೇಳತೊಡಗಿದೆ. ಹೋದ ವರ್ಷ ಸದಾಶಿವನಗರದ ಒಂದು ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಗೆ ಪಾಠ ಹೇಳುತ್ತಿದ್ದಾಗ ಒಳಗಿನಿಂದ ಚಹಾ ಬಂತು. ತಲೆ ಎತ್ತಿದರೆ ಶಾಂತಕ್ಕ. ಬಹಳ ಇಳಿದುಹೋಗಿದ್ದಳು.

“ಯವ್ವಾ, ನೀನs ಏನು!” ಎಂದು ಕಪ್ಪು ಕೆಳಗಿಟ್ಟು ನನ್ನ ಗಲ್ಲ ಸವರಿದಳು. ಅವಳ ಬೆರಳುಗಳು ಸಾಬೂನಿನ ನೀರಿಗೆ ಬೆಳ್ಳಗೆ ಸುಕ್ಕಾಗಿದ್ದವು. “ನಿನ್ನ ಅವು ಮತ್ತ ಸಿಕ್ಕುವೇನವ್ವಾ? ನನ್ನ ಕೈಯಿಂದ ಎಂಥಾ ಕೆಲಸ ಆತಲ್ಲ ಅಂತ ಇನ್ನೂ ನೆನಸ್ಕೊಂತೀನಿ.”

ಸಿಗಲಿಲ್ಲ ಎಂದು ತಲೆ ಅಲ್ಲಾಡಿಸಿದೆ.

“ನನ್ನ ಮ್ಯಾಲ ಯಾರೋ ಕಾಗದಾ ಬರದು ಕೊಟ್ರಂತ. ಕಾಂಟ್ರಾಕ್ಟರ್ ಹೇಳಿದಾ. ಯಾರಂತ ಹೇಳಲಿಲ್ಲ. ನಿನಗ ಗೊತ್ತಾಗಿದ್ರ ಬರಿಯಾಕ ಬಿಡ್ತಿದ್ದಿಲ್ಲ ಬಿಡು.”

ಹುಡುಗಿ ಪುಸ್ತಕ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ನಾನು “ಹೂಂ” ಎಂದೆ. ಅಷ್ಟೇ. ಚಹಾ ಕುಡಿದೆ. ಮುಂದಿನ ವಾರ ಮೈಯಲ್ಲಿ ಹುಷಾರಿಲ್ಲ ಎಂದು ಸುಳ್ಳು ಹೇಳಿ ಆ ಮನೆಯ ಟ್ಯೂಷನ್ ಬಿಟ್ಟೆ.

ಕಲ್ಚರ್ ಹೋದದ್ದಕ್ಕೆ ಈಗ ಅಷ್ಟು ದುಃಖವಾಗುವುದಿಲ್ಲ. ಅದು ನನ್ನ ಕೈ ಮೀರಿ ನಡೆದದ್ದು. ಸಹಿ ನನ್ನದು. ಆ ಮನೆಗೆ ಹೋಗಿ ಹೇಳಿಬಿಡಬೇಕೆಂದು ಎಷ್ಟೋ ಸಲ ಸದಾಶಿವನಗರದವರೆಗೆ ಹೋಗಿ, ತಿರುವಿನಲ್ಲಿ ನಿಂತು, ವಾಪಸ್ ಬಂದಿದ್ದೇನೆ. ಕೊನೆಗೆ ಇಲ್ಲಿ ಬರೆದಿದ್ದೇನೆ. ಶಾಂತಕ್ಕನಿಗೆ ಓದಲು ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಬರೆಯಲು ಧೈರ್ಯ ಬಂತು.