ನೆಗೆಣ್ಣಿಯ ಕುರಿ ಆಟ

ಬದುಕಿನಲ್ಲಿ ನಾನು ನಿಜವಾಗಿ ಹೊಟ್ಟೆಕಿಚ್ಚು ಪಟ್ಟಿದ್ದು ಒಬ್ಬಳ ಮೇಲೆ. ಅವಳು ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಅವಳ ಸೀರೆಗೋ ಮೈಬಣ್ಣಕ್ಕೋ ಕಿಚ್ಚು ಪಟ್ಟಿದ್ದರೆ ಯಾರಾದರೂ ಒಪ್ಪುತ್ತಿದ್ದರು. ನಾನು ಕಿಚ್ಚು ಪಟ್ಟಿದ್ದು ಅವಳು ನೆಲದ ಮೇಲೆ ಗೀಚುತ್ತಿದ್ದ ಆಟಗಳಿಗೆ. ಇದನ್ನು ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ರಾಯಚೂರಿನಲ್ಲಿ ಹುಟ್ಟಿ, ಅಲ್ಲೇ ಶಿಕ್ಷಕಿಯ ತರಬೇತಿ ಮುಗಿಸಿ, ಮಾನ್ವಿಗೆ ಸೊಸೆಯಾಗಿ ಬಂದವಳು. ಗಂಡ ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿ. ಬೇಸಿಗೆ ರಜೆಯಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳೂ ಓಣಿಯ ನಾಲ್ಕೈದು ಮಕ್ಕಳೂ ಪಡಸಾಲೆಯಲ್ಲಿ ಕೂತು ಅದೇ ಹಾವು ಏಣಿ, ಅದೇ ಚೌಕಾಬಾರಾ ಆಡಿ ಆಡಿ ಜಗಳಕ್ಕೆ ಬೀಳುತ್ತಿದ್ದರು. ನಾನೇ ಒಂದು ಹೊಸ ಆಟ ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಗಂಡ ಆಫೀಸಿನಲ್ಲಿ ರದ್ದಾದ ನಕ್ಷೆಗಳನ್ನು ಮನೆಗೆ ತರುತ್ತಿದ್ದರು. ಅದರ ಹಿಂಬದಿಯಲ್ಲಿ ಎರಡು ತಿಂಗಳು ಕೂತು ನಾನು ಕಾಲುವೆ ಆಟ ಬರೆದೆ. ಮೇಲೆ ದೊಡ್ಡ ಕಾಲುವೆ, ಅದರಿಂದ ಸೀಳಿದ ಸಣ್ಣ ಕಾಲುವೆಗಳು, ತೂಬುಗಳು, ಆರು ಜನರಿಗೆ ಆರು ಭತ್ತದ ಗದ್ದೆ. ನೀಲಿ ಶಾಯಿ, ಹಸಿರು ಶಾಯಿ, ಅರಿಶಿನದ ಹಳದಿ. ನೀರು ಹೇಗೆ ಬಿಡಬೇಕು, ತೂಬು ಯಾವಾಗ ಮುಚ್ಚಬೇಕು ಎಂದು ಮೂರು ಪುಟ ನಿಯಮ. ಮಕ್ಕಳನ್ನು ಕೂಡಿಸಿ ಆ ಮೂರು ಪುಟವನ್ನೂ ಓದಿ ಹೇಳಿದೆ.

ಅರ್ಧ ತಾಸಿನಲ್ಲಿ ಆಟ ಮುಗಿಯಿತು. ಕೊನೆಯ ಗದ್ದೆ ಸಿಕ್ಕ ಹುಡುಗಿ ಅಳುತ್ತಾ ಎದ್ದು ಹೋದಳು, ಉಳಿದವರು ಹಿಂದೆಯೇ ಹೋದರು.

ನೆಗೆಣ್ಣಿ ಆಗ ಮದುವೆಯಾಗಿ ಬಂದು ಆರು ತಿಂಗಳಾಗಿತ್ತಷ್ಟೇ. ಗಿಲ್ಲೆಸುಗೂರಿನ ಕಡೆಯ ಕುರಿ ಸಾಕುವ ಮನೆಯವಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಜೋಳ ಹಸನು ಮಾಡುತ್ತಾ ಮೂಲೆಯಲ್ಲಿ ಕೂತಿದ್ದವಳು ಎದ್ದು ಬಂದು ನನ್ನ ಹಾಳೆಯನ್ನು ಬಗ್ಗಿ ನೋಡಿದಳು.

"ಭಾಳ ಚಂದ ಬರದೀರಿ ಅಕ್ಕಾ," ಅಂದಳು. ಕೊನೆಯ ಗದ್ದೆಯ ಮೇಲೆ ಬೆರಳಿಟ್ಟು, "ಆದ್ರ ಮುಂದಿನ ಹೊಲದಾಂವ ತೂಬು ಮುಚ್ಚಿದ್ರ ಕಡೀ ಹೊಲದಾಕಿಗೆ ಆಟನ ಇಲ್ಲಲ್ರಿ? ಸುಮ್ನ ಕುಂತು ನೋಡೂದ ಏನು?"

ಗಂಡ ನಕ್ಕರು. "ನಮ್ಮ ಆಫೀಸಿಗೆ ದಿನಾ ಬರೂ ಅರ್ಜಿನೂ ಇದ ಅದ," ಎಂದರು.

ನನಗೆ ನಗು ಬರಲಿಲ್ಲ. ಎರಡು ತಿಂಗಳಲ್ಲಿ ನನಗೆ ಕಾಣದ್ದು ಅವಳಿಗೆ ಒಂದು ನೋಟಕ್ಕೆ ಕಂಡಿತ್ತು. ಅದೂ ಎದುರಿಗೆ, ಮನೆಯವರೆಲ್ಲ ಕೇಳುವ ಹಾಗೆ.

ಮರುದಿನ ಮಧ್ಯಾಹ್ನ ನಾನು ಒಳಗೆ ಮಲಗಿದ್ದಾಗ ಪಡಸಾಲೆಯಿಂದ ಕಿರುಚಾಟ ಕೇಳಿಸಿತು. ಬಿದ್ದರೋ ಏನೋ ಎಂದು ಓಡಿ ಬಂದೆ. ನೆಗೆಣ್ಣಿ ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಇದ್ದಿಲಿನಿಂದ ಶಂಖದ ಸುಳಿಯ ಹಾಗೆ ಒಂದು ದಾರಿ ಬರೆದು ಮನೆ ಹಾಕಿದ್ದಳು. ಸುಳಿಯ ನಡುವೆ ಕುರಿಹಟ್ಟಿ, ತನ್ನ ಕುರಿಗಳನ್ನು ಮೊದಲು ಅಲ್ಲಿಗೆ ಮುಟ್ಟಿಸಿದವಳು ಗೆದ್ದಂತೆ. ಒಬ್ಬೊಬ್ಬರಿಗೂ ನಾಲ್ಕು ಕುರಿ: ಒಬ್ಬಳಿಗೆ ಹುಣಸೆ ಬೀಜ, ಒಬ್ಬಳಿಗೆ ಸೀತಾಫಲದ ಬೀಜ, ಇನ್ನೊಬ್ಬಳಿಗೆ ಬಳೆ ಚೂರು. ಎಲ್ಲರಿಗೂ ಸೇರಿ ಒಂದೇ ತೋಳ, ಒಂದೇ ನಾಯಿ. ನಾಲ್ಕು ಕವಡಿಯೂ ಬೋರಲು ಬಿದ್ದರೆ ತೋಳ ಹೊರಡುತ್ತದೆ, ನಾಲ್ಕೂ ಅಂಗಾತ ಬಿದ್ದರೆ ತೋಳವನ್ನು ಅಟ್ಟಲು ನಾಯಿ ಎರಡು ಮನೆ ಓಡಿ ಬರುತ್ತದೆ. ಒಂಟಿ ಕುರಿ ಸಿಕ್ಕರೆ ತೋಳ ಒಯ್ಯುತ್ತದೆ. ಆದರೆ ಇಬ್ಬರ ಕುರಿ ಒಂದೇ ಮನೆಯಲ್ಲಿ ನಿಂತಿದ್ದರೆ ಮುಟ್ಟುವ ಹಾಗಿಲ್ಲ.

ಆ ಕೊನೆಯ ನಿಯಮವೇ ಕಿರುಚಾಟಕ್ಕೆ ಕಾರಣ. "ನನ್ನ ಕುರಿ ಬಾಜೂಕ ಬಾರೇ!" ಎಂದು ನನ್ನ ದೊಡ್ಡ ಮಗಳು ಎದುರಾಳಿಯನ್ನೇ ಬೇಡುತ್ತಿದ್ದಳು. "ಹೋದ ಸಲ ನೀ ಬಂದಿದ್ದೇನು?" ಎಂದು ಆ ಹುಡುಗಿ ಕೇಳುತ್ತಿದ್ದಳು. ಗೆಲ್ಲಬೇಕು, ಆದರೆ ಗೆಲ್ಲುವವರೆಗೂ ಒಬ್ಬರಿಗೊಬ್ಬರು ಬೇಕು. ಕಾಲುವೆ ಆಟ ಬಿಟ್ಟು ಹೋಗಿದ್ದವಳೂ ಅಲ್ಲೇ ಕೂತಿದ್ದಳು.

"ಇದು ನಿಮ್ಮೂರಾಗ ಆಡತಿದ್ರೇನು?" ಎಂದು ಕೇಳಿದೆ. ಹೌದು ಎನ್ನಲಿ ಎಂದು ಮನಸ್ಸು ಹಾತೊರೆಯುತ್ತಿತ್ತು.

"ಇಲ್ರಿ ಅಕ್ಕಾ. ಮುಂಜಾನಿ ರೊಟ್ಟಿ ಬಡಿಯಾಕತ್ತಾಗ ತಲ್ಯಾಗ ಬಂತು."

ಎರಡು ತಿಂಗಳು, ಮೂರು ಬಣ್ಣದ ಶಾಯಿ. ಅವಳಿಗೆ ಒಂದು ಹೊತ್ತಿನ ರೊಟ್ಟಿ.

ಆ ಸಂಜೆ ನಾನು ಒದ್ದೆ ಬಟ್ಟೆ ತಂದು ಪಡಸಾಲೆ ಒರೆಸಿದೆ. ನಾಳೆ ಸೋಮವಾರ, ಮನೆ ಮಡಿಯಾಗಿರಬೇಕು ಎಂದು ಅತ್ತೆಗೆ ಹೇಳಿದೆ. ಸೋಮವಾರದ ನೆನಪು ನನಗೆ ಅದಕ್ಕೂ ಮೊದಲು ಎಂದೂ ಅಷ್ಟು ಜೋರಾಗಿ ಬಂದಿರಲಿಲ್ಲ. ಮರುದಿನ ನೆಗೆಣ್ಣಿ ಮತ್ತೆ ಬರೆದಳು, ಈ ಸಲ ಎರಡು ಮನೆ ಹೆಚ್ಚು ಹಾಕಿ. "ನಿನ್ನಿ ಸಣ್ಣದಾಗಿತ್ತು. ಅಳಿಸಿದ್ದು ಚೊಲೊ ಆತು," ಅಂದಳು.

ಮುಂದಿನ ವರ್ಷ ರಾಯಚೂರಿನಲ್ಲಿ ಶಿಕ್ಷಕರ ಕಲಿಕಾ ಸಾಮಗ್ರಿಗಳ ಪ್ರದರ್ಶನ ಇದೆ ಎಂದು ಶಾಲೆಗೆ ಸುತ್ತೋಲೆ ಬಂತು. ನಾನು ಕಾಲುವೆ ಆಟವನ್ನು ರಟ್ಟಿಗೆ ಅಂಟಿಸಿದೆ. ಒಂದೇ ಇದ್ದರೆ ಮೇಜು ಬೋಳಾಗಿ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಕುರಿ ಆಟವನ್ನೂ ಇನ್ನೊಂದು ರಟ್ಟಿನ ಮೇಲೆ ಚಂದವಾಗಿ ಬರೆದೆ. ಬರೆಯುವಾಗ ಒಂದು ಬದಲಾವಣೆ ಮಾಡಿದೆ. ನಾಯಿ ಎರಡು ಮನೆಯ ಬದಲು ಮೂರು ಮನೆ ಓಡಲಿ ಎಂದೆ. ಈಗ ನೆನೆದರೆ ಕಾರಣ ಗೊತ್ತಾಗುತ್ತದೆ. ಅದರಲ್ಲಿ ಏನಾದರೂ ನನ್ನದಿರಲಿ ಎಂದು.

ಪ್ರದರ್ಶನದಲ್ಲಿ ಬಂದವರೆಲ್ಲ ಕಾಲುವೆ ಆಟದ ಮುಂದೆ ನಿಂತು, "ಬಣ್ಣ ಚಂದ ಅದ್ರೀ," ಎಂದು ಮುಂದೆ ಹೋದರು. ಕುರಿ ಆಟದ ಮುಂದೆ ನಾಲ್ವರು ಮಾಸ್ತರರು ಕುರ್ಚಿ ಎಳೆದುಕೊಂಡು ಕೂತವರು ಊಟದ ಗಂಟೆ ಬಾರಿಸಿದರೂ ಏಳಲಿಲ್ಲ. ಒಬ್ಬರಂತೂ ಟೋಪಿ ತೆಗೆದಿಟ್ಟು ತೋಳಕ್ಕೆ ಬೈಯುತ್ತಿದ್ದರು. ಗದ್ದಲ ಕೇಳಿ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದರು.

"ಇದು ಯಾರು ಮಾಡಿದ್ದು, ಬಾಯಿಯವರೇ?"

"ನಾನ ರೀ," ಎಂದೆ.

ಅಷ್ಟು ಸಲೀಸಾಗಿ ಬಾಯಿಂದ ಬಂತು. ಆಮೇಲೆ ತಿದ್ದುವುದಕ್ಕೆ ಸಮಯವಿತ್ತು, ಸಾಹೇಬರು ಅಲ್ಲೇ ಹತ್ತು ನಿಮಿಷ ನಿಂತಿದ್ದರು. ನಾನು ತಿದ್ದಲಿಲ್ಲ. ಸಂಜೆ ನನ್ನ ಹೆಸರಿನ ಪ್ರಶಸ್ತಿಪತ್ರ ಹಿಡಿದು ಮಾನ್ವಿಯ ಬಸ್ಸು ಹತ್ತಿದೆ.

ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಕುಂಕುಮ ಹಚ್ಚಿದರು. ನೆಗೆಣ್ಣಿ ಕುರಿ ಆಟದ ರಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಮನೆ ಬೆರಳಿನಿಂದ ಎಣಿಸುತ್ತಿದ್ದಳು. ನಾನು ಅಡಿಗೆ ಮನೆಯಲ್ಲಿ ಕಾದಿದ್ದೆ. ಈಗ ಕೇಳುತ್ತಾಳೆ, ಈಗ ಅಳುತ್ತಾಳೆ, ಈಗ ಗಂಡನಿಗೆ ಹೇಳುತ್ತಾಳೆ.

"ಅಕ್ಕಾ," ಎಂದು ಕರೆದಳು. "ನಾಯಿಗೆ ಮೂರು ಮನಿ ಯಾಕ ಕೊಟ್ರಿ?"

"ಯಾಕ, ಏನಾತು?"

"ಮೂರು ಮನಿ ಓಡಿದ್ರ ತೋಳಕ್ಕ ಏನೂ ಸಿಗಂಗಿಲ್ಲ. ಅಂಜಿಕಿನ ಇಲ್ದಿದ್ರ ಹುಡುಗ್ರು ಒಬ್ಬರ ಬಾಜೂ ಒಬ್ಬರು ಯಾಕ ನಿಲ್ತಾರ? ಎರಡ ಸಾಕ್ರಿ."

ಅಷ್ಟೇ. ಪ್ರಶಸ್ತಿಪತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವಳು ಜಗಳವಾಡಿದ್ದರೆ ನಾನು ಕ್ಷಮೆ ಕೇಳಿ ಹಗುರಾಗುತ್ತಿದ್ದೆನೋ ಏನೋ. ಕದ್ದ ಆಟವನ್ನೂ ನಾನು ಕೆಡಿಸಿ ತಂದಿದ್ದೆ ಎಂಬುದೊಂದೇ ಅವಳ ಚಿಂತೆ. ನನ್ನ ರಟ್ಟು, ಶಾಯಿ, ಕುಂಚ ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಒಂದು ವರ್ಷ ಅತ್ತ ಕೈ ಹಾಕಲಿಲ್ಲ.

ಆಮೇಲೆ ನಮ್ಮವರಿಗೆ ದೇವದುರ್ಗಕ್ಕೆ ವರ್ಗವಾಯಿತು. ನನಗೆ ಮಸರಕಲ್ ಶಾಲೆ ಸಿಕ್ಕಿತು. ದೇವದುರ್ಗದಲ್ಲಿ ಬಾಡಿಗೆ ಮನೆ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಸಾಮಾನಿನ ಜೊತೆ ಬಂದ ಆ ಗಂಟು ಇಲ್ಲಿಯೂ ಅಟ್ಟ ಸೇರಿತು. ಮಾನ್ವಿಗೆ ಹೋದಾಗಲೆಲ್ಲ ನೆಗೆಣ್ಣಿ ಹೊಸದೊಂದು ಆಟ ಕಲಿಸುತ್ತಿದ್ದಳು, ನನ್ನ ಮಕ್ಕಳು ತಿರುಗಿ ಬರುವಾಗ ಬಸ್ಸಿನ ತುಂಬ "ಚಿಗವ್ವ ಹಂಗ ಮಾಡಿದಳು, ಚಿಗವ್ವ ಹಿಂಗ ಮಾಡಿದಳು" ಎಂದು ಹೇಳುತ್ತಿದ್ದರು. ಒಮ್ಮೆ ಹಾಗೆ ಕೇಳಿಸಿಕೊಂಡು ಮನೆಗೆ ಬಂದವಳೇ ಅಟ್ಟದಿಂದ ಗಂಟು ಇಳಿಸಿದೆ.

ಇಷ್ಟು ವರ್ಷ ಬಿಡದೆ ಹೇಗೆ ಆಟ ಮಾಡಿದಿರಿ, ಬೇಸರ ಬರಲಿಲ್ಲವೇ ಎಂದು ಜೊತೆಯ ಶಿಕ್ಷಕಿಯರು ಕೇಳಿದ್ದುಂಟು. ಮಕ್ಕಳ ಮೇಲಿನ ಪ್ರೀತಿ ಎಂದು ಹೇಳುತ್ತಿದ್ದೆ. ಅದರಲ್ಲಿ ಸುಳ್ಳಿಲ್ಲ, ಆದರೆ ಪ್ರೀತಿಗೆ ಬೇಸರ ಬರುತ್ತಿತ್ತು. ಬೇಸರ ಬಂದ ದಿನಗಳಲ್ಲಿ ನನ್ನನ್ನು ಹಾಳೆಯ ಮುಂದೆ ಕೂಡಿಸಿದ್ದು ಪರಸಿ ಕಲ್ಲಿನ ಮೇಲಿನ ಆ ಕಪ್ಪು ಸುಳಿ.

ಒಂದು ನೋಟುಬುಕ್ಕು ಇಟ್ಟೆ. ಒಂದು ಆಟಕ್ಕೆ ಎರಡು ಪುಟ. ಮೂರು ಪುಟದ ನಿಯಮ ಬರೆಯುವುದನ್ನು ಬಿಟ್ಟೆ. ಮಸರಕಲ್ಲಿನ ಮಕ್ಕಳು ಆಡುವಾಗ ಯಾವ ಗಳಿಗೆಗೆ ಕಿಟಕಿಯ ಕಡೆ ನೋಡಿದರು ಎಂದು ಬರೆದಿಡುತ್ತಿದ್ದೆ. ಬಸ್ಸಿನ ಆಟ ಮಾಡಿದೆ, ಮಕ್ಕಳಿಗೆ ಡ್ರೈವರ್ ಆಗುವುದು ಮಾತ್ರ ಬೇಕಾಯಿತು. ಸಂತೆಯ ಆಟ ಮಾಡಿದೆ, ತೂಕ ಲೆಕ್ಕ ಹಾಕುವುದರಲ್ಲೇ ಆಟ ಸತ್ತಿತು. ಹತ್ತೋ ಹನ್ನೊಂದೋ ಹೀಗೆ ಹೋದವು. ಹಿಂದೆ ಆಗಿದ್ದರೆ ಎರಡನೆಯದಕ್ಕೇ ಅಳುತ್ತಿದ್ದೆ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಅಕ್ಷರ ಬರೆದು ಮಾಡಿದ ಆಟ ಕೈ ಹಿಡಿಯಿತು. ಅಕ್ಷರ ಸೇರಿಸಿ ಪದ ಮಾಡಬೇಕು. ಆದರೆ ಇನ್ನೊಬ್ಬಳ ಪದಕ್ಕೆ ನಿನ್ನ ಅಕ್ಷರ ಸೇರಿಸಿ ಹೊಸ ಪದ ಮಾಡಿದರೆ ಅದು ನಿನ್ನದು. ಒಬ್ಬಳು 'ಹಸಿ' ಎಂದು ಇಟ್ಟಳು, ಇನ್ನೊಬ್ಬಳು 'ವು' ತಂದು 'ಹಸಿವು' ಮಾಡಿ ಎಳೆದುಕೊಂಡಳು. ಅವತ್ತು ಶಾಲೆಯ ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ. ಕಿರುಚಾಟ ಕೇಳಿ ಪಕ್ಕದ ಕೋಣೆಯಿಂದ ಹೆಡ್‌ಮಾಸ್ತರರು ಓಡಿ ಬಂದರು.

ಯುಗಾದಿಗೆ ಆ ಚೀಟಿಗಳನ್ನು ಮಾನ್ವಿಗೆ ಒಯ್ದೆ. ನಿಜ ಹೇಳುತ್ತೇನೆ, ಅಕ್ಷರದ ಆಟವನ್ನೇ ನಾನು ಆರಿಸಿಕೊಂಡದ್ದರಲ್ಲಿ ಒಂದು ಹುಳಿ ಇತ್ತು. ನಾಲ್ಕನೆಯ ಇಯತ್ತೆಯವಳು ಇಲ್ಲಿ ನನ್ನನ್ನು ಮೀರಲಾರಳು. ಹಾಗೆಯೇ ಆಯಿತು. ಅವಳು ಒಂದೊಂದು ಚೀಟಿಯನ್ನೂ ಕಣ್ಣಿನ ಹತ್ತಿರ ಹಿಡಿದು ತುಟಿ ಆಡಿಸುತ್ತಾ ಓದುವಷ್ಟರಲ್ಲಿ ನನ್ನ ಮಕ್ಕಳು ಅವಳ ಪದಗಳನ್ನೆಲ್ಲ ಎಳೆದುಕೊಂಡರು. ಕೊನೆಗೆ ಅವಳ ಮುಂದೆ ನೆಲ ಬರಿದಾಗಿತ್ತು.

"ಆಟ ಚೊಲೊ ಅದ ಅಕ್ಕಾ," ಅಂದಳು. "ನಂಗ ಬರಂಗಿಲ್ಲ ಅಷ್ಟ. ಚೀಟಿ ಇಲ್ಲೇ ಬಿಟ್ಟು ಹೋಗ್ರಿ."

ಆ ಹೊಗಳಿಕೆಗಾಗಿ ನಾನು ಏಳು ವರ್ಷ ಕಾದಿದ್ದೆ. ಬಂದಾಗ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆ ಬೇಸಿಗೆಯಲ್ಲೇ ರಾಯಚೂರಿನಲ್ಲಿ ಒಂದು ತರಬೇತಿಗೆ ಕರೆದಿದ್ದರು. ಕುರಿ ಆಟವನ್ನು ಹೊಸ ಶಿಕ್ಷಕಿಯರಿಗೆ ಕಲಿಸಿ ಎಂದರು. ಕಪ್ಪು ಹಲಗೆಯ ಮೇಲೆ ಸುಳಿ ಬರೆದು, ಕೈಯ ಸುಣ್ಣ ಒರೆಸಿಕೊಂಡು, "ಇದು ನಾನು ಮಾಡಿದ್ದಲ್ಲ, ನಮ್ಮ ನೆಗೆಣ್ಣಿ ಮಾಡಿದ್ದು, ಅವಳು ಮಾನ್ವಿಯಲ್ಲಿರುತ್ತಾಳೆ," ಎಂದೆ. ಭೂಮಿ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ತಲೆ ಎತ್ತಿ, "ಅವರು ಯಾವ ಸಾಲಿ ಟೀಚರ್ ರೀ ಮೇಡಂ? ಅವರಿಗೇ ಕರೀಬೇಕಿತ್ತಲ್ರೀ," ಎಂದಳು. ತಪ್ಪು ಒಪ್ಪಿಕೊಂಡ ಮೇಲೂ ಹೊಟ್ಟೆ ಉರಿಯಬಹುದು ಎಂದು ನನಗೆ ಅವತ್ತು ತಿಳಿಯಿತು.

ದಸರೆಗೆ ಮಾನ್ವಿಗೆ ಹೋದರೆ ನೆಗೆಣ್ಣಿ ಚೀಟಿಗಳನ್ನು ಹಾಸಿಕೊಂಡು ಕಾದಿದ್ದಳು. ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡಿದ್ದಳು. ನಾನು ಕೂತೆ. ಅವಳು 'ಉಣ್ಣಿ' ಎಂದು ಇಟ್ಟಳು.

"ತಪ್ಪು," ಎಂದೆ ನಾನು, ಮಾಸ್ತರಿಣಿಯ ಧ್ವನಿಯಲ್ಲಿ. "ಪುಸ್ತಕದಾಗ ಉಣ್ಣೆ ಅಂತ ಅದ."

"ಕುರಿ ಕೂದಲ ಅಲ್ರಿ ಅಕ್ಕಾ. ಕುರಿ ಮೈಗೆ ಹತ್ತಿ ರಕ್ತ ಕುಡೀತದಲ್ಲ, ಆ ಹುಳ. ಉಣ್ಣಿ."

ಅತ್ತೆ ಒಳಗಿನಿಂದ, "ಖರೇನ ಅದ ಬಿಡವ್ವಾ," ಎಂದರು. ಪದ ಅವಳದಾಯಿತು, ಆಟವೂ ಅವಳದಾಯಿತು. ನಾನು ಮಾಡಿದ ಆಟದಲ್ಲಿ, ನನ್ನ ಕೈಬರಹದ ಅಕ್ಷರಗಳಿಂದ. ಕಿಚ್ಚು ಬಂತು, ಆದರೆ ಅದರ ಹಿಂದೆಯೇ ಇನ್ನೊಂದು ಸಲ ಆಡಬೇಕು ಎಂದೂ ಅನಿಸಿತು. ಅವತ್ತು ಅಡಿಗೆ ತಡವಾಯಿತು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅವಳಿಗೆ ಮೂವರು ಮಕ್ಕಳು. ಒಂದು ಬೇಸಿಗೆಯಲ್ಲಿ ಅವರನ್ನು ಕರೆದುಕೊಂಡು ದೇವದುರ್ಗಕ್ಕೆ ಬಂದು ನಮ್ಮಲ್ಲಿ ಎಂಟು ದಿನ ಇದ್ದಳು. ಒಂದೂ ಹೊಸ ಆಟ ಬರೆಯಲಿಲ್ಲ. ಊಟವಾದ ಮೇಲೆ ನಾನು ಹೊಸ ಆಟದ ಚೀಟಿ ಕತ್ತರಿಸುತ್ತಾ ಕೇಳಿಯೇ ಬಿಟ್ಟೆ.

"ಈಗ ಯಾಕ ಆಟ ಮಾಡವಲ್ಲಿ?"

"ಮನಸ್ಸ ಬರವಲ್ದು ಅಕ್ಕಾ. ಆವಾಗ ಬರ್ತಿತ್ತು, ಮಾಡತಿದ್ದೆ."

"ಬಿಟ್ಟದ್ದಕ್ಕ ಬ್ಯಾಸರಿಲ್ಲ?"

"ಅದಕ್ಯಾಕ ಬ್ಯಾಸರ?" ಎಂದು ನಕ್ಕು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲೇ ಚಾಪೆಯ ಮೇಲೆ ಮಲಗಿದಳು. ಐದು ನಿಮಿಷದಲ್ಲಿ ನಿದ್ದೆ ಹತ್ತಿತು. ಅಷ್ಟು ಸುಲಭವಾಗಿ ಬಂದದ್ದನ್ನು ಅಷ್ಟೇ ಸುಲಭವಾಗಿ ಬಿಟ್ಟು ಮಲಗಿದವಳನ್ನು ನೋಡಿ, ಆ ನಿದ್ದೆಯ ಮೇಲೂ ನನಗೆ ಕಿಚ್ಚಾಯಿತು. ಇನ್ನೂ ಇಪ್ಪತ್ತು ಚೀಟಿ ಕತ್ತರಿಸುವುದು ಬಾಕಿ ಇತ್ತು. ಕತ್ತರಿಯ ಸಪ್ಪಳಕ್ಕೆ ಅವಳಿಗೆ ಎಚ್ಚರವಾದೀತೆಂದು ಪಡಸಾಲೆಯಿಂದ ಎದ್ದು ಹಿತ್ತಲಿಗೆ ಹೋಗಿ ಕೂತೆ.